ಸಾಸಿವೆ ಮನೆಗೆ ಬಂದು ಒಂದು ವರ್ಷ

ನಿನ್ನೆ ಸಂಜೆ ನಮ್ಮ ಬೆಕ್ಕು ಸಾಸಿವೆ ಅತ್ತೆಯ ಮಡಿಲಲ್ಲಿ ಮಲಗಿದಳು. ಮುಂಗಾಲು ಎರಡನ್ನೂ ಎದೆಯಡಿ ಮಡಚಿಕೊಂಡು, ಕಣ್ಣು ಮುಚ್ಚಿಕೊಂಡು. ಅತ್ತೆ ಮಲ್ಲಿಗೆ ಕಟ್ಟುತ್ತಿದ್ದರು, ಅರ್ಧ ಮೊಳ ಆಗಿತ್ತಷ್ಟೆ. ದಾರ ಬೆರಳಲ್ಲೇ ಹಿಡಿದು ಮುಕ್ಕಾಲು ಗಂಟೆ ಅಲ್ಲಾಡದೆ ಕೂತರು. ಕುಕ್ಕರ್ ಕೂಗಿದರೆ ಎದ್ದು ಓಡುತ್ತಾಳೆ ಅಂತ ನನಗೆ ಕಣ್ಣಲ್ಲೇ ಸನ್ನೆ ಮಾಡಿದರು. ನಾನು ಹೋಗಿ ಒಲೆ ಆರಿಸಿದೆ. ಊಟ ಒಂಬತ್ತೂವರೆಗೆ ಆಯಿತು. ಯಾರೂ ಏನೂ ಅನ್ನಲಿಲ್ಲ.

ಅವಳು ಬಂದು ಒಂದು ವರ್ಷ ದಾಟಿದೆ. ಇಷ್ಟು ದಿನದಲ್ಲಿ ಯಾರ ಮಡಿಲಿಗೂ ಬಂದಿರಲಿಲ್ಲ. ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಯಾರ್ಯಾರ ಪುಣ್ಯದಿಂದ ಈ ದಿನ ಬಂತು ಅಂತ ಒಬ್ಬೊಬ್ಬರನ್ನೇ ನೆನೆಸಿಕೊಳ್ಳುತ್ತಾ ಮಲಗಿದ್ದೆ. ಬೆಳಿಗ್ಗೆ ಎದ್ದು ಬರೆಯುತ್ತಿದ್ದೇನೆ.

ಮೊದಲು ಫಾಸ್ಟರ್ ಅಕ್ಕನಿಗೆ, ಅಂದರೆ ಬೀದಿ ಬೆಕ್ಕುಗಳಿಗೆ ಮನೆ ಸಿಗುವವರೆಗೆ ತಮ್ಮಲ್ಲೇ ಇಟ್ಟುಕೊಂಡು ನೋಡಿಕೊಳ್ಳುವ ಅಕ್ಕನಿಗೆ. ಹೆಸರು ಹಾಕಬೇಡ ಅಂದಿದ್ದೀರಿ, ಹಾಕುವುದಿಲ್ಲ. ಯಶವಂತಪುರದ ಎಪಿಎಂಸಿ ಯಾರ್ಡ್ ಹತ್ತಿರ ಗೋಣಿಚೀಲಗಳ ಸಂದಿಯಿಂದ ನೀವು ಇವಳನ್ನು ತಂದಾಗ ಹೆಚ್ಚುಕಡಿಮೆ ಒಂಬತ್ತು ತಿಂಗಳ ಬೆಕ್ಕು. ಮರಿಗಳಿಗೆ ಎರಡನೇ ವಾರದಿಂದ ಏಳನೇ ವಾರದೊಳಗೆ ಮನುಷ್ಯರ ಕೈ ಪರಿಚಯ ಆದರೆ ಸುಲಭ, ಇವಳಿಗೆ ಆ ಕಾಲ ಕಳೆದುಹೋಗಿದೆ ಅಂತ ನೀವೇ ಹೇಳಿದಿರಿ. ಮರಿ ಆಗದ ಹಾಗೆ ಆಪರೇಷನ್ ಮಾಡಿಸಿ, ಗುರುತಿಗೆ ಎಡಕಿವಿಯ ತುದಿ ಚೂರು ಕತ್ತರಿಸಿ, ಅಲ್ಲೇ ವಾಪಸ್ ಬಿಡುವುದು ಅಂತ ಇತ್ತು. ಗೋದಾಮು ಕೆಡವುತ್ತಾರೆ ಅಂತ ತಿಳಿದ ಮೇಲೆ ನಿಮಗೆ ಬಿಡುವ ಮನಸ್ಸಾಗಲಿಲ್ಲ. ಮೂರು ತಿಂಗಳು ನಿಮ್ಮ ಯುಟಿಲಿಟಿಯಲ್ಲೇ ಇಟ್ಟುಕೊಂಡಿರಿ.

ನಾವು ನೋಡಲು ಬಂದಿದ್ದು ಎರಡು ಬಿಳಿ ಮರಿಗಳನ್ನು. ಮಗಳು ಅವುಗಳ ಜೊತೆ ಆಡುತ್ತಾ ಆಡುತ್ತಾ ವಾಷಿಂಗ್ ಮೆಷಿನ್ ಹಿಂದೆ ಬಗ್ಗಿ ನೋಡಿದಳು. "ಅದನ್ನ ಯಾರೂ ಕೇಳಲ್ಲ ಪುಟ್ಟಿ" ಅಂದಿರಿ. ಅಷ್ಟು ಸಾಕಾಯಿತು ಅವಳಿಗೆ. ನೀವು ಮಾತ್ರ ತಕ್ಷಣ ಕೊಡಲಿಲ್ಲ. ಬಾಲ್ಕನಿಗೆ ಬಲೆ ಹಾಕಿಸಿದ ಫೋಟೋ ತರಿಸಿಕೊಂಡಿರಿ. "ಇವಳು ನಿಮ್ಮ ಹತ್ತಿರ ಬರದೇನೇ ಇರಬಹುದು. ಆಗಲೂ ಇಟ್ಕೋತೀರಾ?" ಅಂತ ಕೇಳಿದಿರಿ. ಆಗ ನನಗೆ ಸ್ವಲ್ಪ ಬೇಸರ ಆಗಿತ್ತು, ನಿಜ. ಆ ಮಾತು ಕಿವಿಯಲ್ಲಿ ಇಲ್ಲದಿದ್ದರೆ ನಾವು ಎರಡೇ ತಿಂಗಳಿಗೆ ಕೈಚೆಲ್ಲಿ ಕೂರುತ್ತಿದ್ದೆವು. ಹೊರಡುವಾಗ ಬೆಕ್ಕು ಒಯ್ಯುವ ಕ್ಯಾರಿಯರಿನೊಳಗೆ ಒಂದು ಹಳೇ ಹಳದಿ ಟವೆಲ್ ಹಾಸಿದಿರಿ. "ಒಗೀಬೇಡಿ, ಅವಳಿಗೆ ಗೊತ್ತಿರೋ ವಾಸನೆ ಅದೊಂದೇ" ಅಂದಿರಿ.

ಹೆಸರಿಟ್ಟವರು ಅತ್ತೆ. ಕಪ್ಪು ಮೈ, ನಡುನಡುವೆ ಕೆಂಚು. ಚಮಚ ಬಿದ್ದರೂ ಸಾಕು, ಒಗ್ಗರಣೆಯ ಸಾಸಿವೆ ಹಾಗೆ ಸಿಡಿದು ಮಂಚದಡಿ ಸೇರುತ್ತಿದ್ದಳು.

ಬಂದ ಎರಡು ದಿನ ಅವಳು ಏನೂ ತಿನ್ನಲಿಲ್ಲ. ನಮ್ಮದು ಸಸ್ಯಾಹಾರದ ಮನೆ. ಅಂಗಡಿಯ ಒಣ ಆಹಾರ ತಂದಿದ್ದೆವು, ಮೂಸಿಯೂ ನೋಡಲಿಲ್ಲ. ಅತ್ತೆ ಹಾಲು ಇಟ್ಟರು, ಮೊಸರನ್ನ ಕಲಸಿಟ್ಟರು. ಬೆಕ್ಕು ಅಂದರೆ ಹಾಲು ಅಂತಲೇ ನಾವೆಲ್ಲ ಬೆಳೆದಿದ್ದು, ಅಲ್ವಾ? ಆದರೆ ಬೆಳೆದ ಬೆಕ್ಕುಗಳಲ್ಲಿ ತುಂಬಾ ಬೆಕ್ಕುಗಳಿಗೆ ಹಾಲು ಅರಗುವುದಿಲ್ಲ, ಹೊಟ್ಟೆ ಕೆಡುತ್ತದೆ. ಮಾಂಸದಲ್ಲಿ ಸಿಗುವ ಟಾರಿನ್ ಅನ್ನೋ ಪೋಷಕಾಂಶ ಇಲ್ಲದೆ ಹೋದರೆ ಕಣ್ಣು, ಹೃದಯ ಎರಡಕ್ಕೂ ಪೆಟ್ಟು. ಮೊಸರನ್ನದಲ್ಲಿ ಅವಳನ್ನು ಸಾಕಲು ಆಗುವುದಿಲ್ಲ ಅಂತ ನಮಗೆ ಆ ವಾರವೇ ಗೊತ್ತಾಗಿದ್ದು. ಫೋನಿನಲ್ಲಿ ಡಾಕ್ಟರ್ ಇನ್ನೊಂದು ಮಾತು ಹೇಳಿದರು. ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೆ ಮೈಯ ಕೊಬ್ಬು ಲಿವರಿಗೆ ಹೋಗಿ ಕೂರಬಹುದು, ಆಮೇಲೆ ಜೀವಕ್ಕೇ ಕುತ್ತು. ಅವತ್ತು ನಾನು ಅಡುಗೆಮನೆಯಲ್ಲಿ ನಿಂತು ಅತ್ತಿದ್ದೇನೆ.

ಎದುರು ಮನೆ ಆಂಟಿ ಮಂಗಳೂರಿನವರು. ವಿಷಯ ಕಿವಿಗೆ ಬಿದ್ದದ್ದೇ ತಡ, ಮನೆಯಲ್ಲಿದ್ದ ಬಂಗುಡೆ ತೆಗೆದು ಬರೀ ನೀರಲ್ಲಿ ಬೇಯಿಸಿದರು. ಉಪ್ಪಿಲ್ಲ, ಖಾರ ಇಲ್ಲ. ಈರುಳ್ಳಿ ಬೆಳ್ಳುಳ್ಳಿಯಂತೂ ಬೆಕ್ಕಿಗೆ ವಿಷ. ಮುಳ್ಳನ್ನು ಬೆರಳಲ್ಲೇ ತಡಕಿ ಒಂದೊಂದಾಗಿ ತೆಗೆದರು. "ಬೆಚ್ಚಗಿರುವಾಗಲೇ ಇಡು ಮಾರಾಯ್ತಿ, ಅದಕ್ಕೆ ಮೊದಲು ಮೂಗು ತಿನ್ನಬೇಕು, ಆಮೇಲೆ ಬಾಯಿ" ಅಂದರು. ಬಟ್ಟಲು ಹಿಡಿದು ನಮ್ಮ ಹೊಸ್ತಿಲ ಆಚೆಯೇ ನಿಂತರು. ಮೀನು ಒಳಗೆ ತರಬಹುದೋ ಬಾರದೋ ಅಂತ ಅವರಿಗೆ ಸಂಕೋಚ. ನಾನು ಅತ್ತೆಯ ಮುಖ ನೋಡಿದೆ. ಈ ಮನೆಯಲ್ಲಿ ಮೊಟ್ಟೆ ಕೂಡ ಬಂದಿಲ್ಲ. ಅತ್ತೆ ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ, "ಬನ್ನಿ ಒಳಗೆ. ಹಸಿದ ಜೀವಕ್ಕೆ ಎಂಥ ಮಡಿ" ಅಂದರು.

ಬಟ್ಟಲನ್ನು ಮಂಚದಡಿ ಸರಿಸಿ, ಲೈಟ್ ಆರಿಸಿ ಎಲ್ಲರೂ ಹೊರಗೆ ಬಂದೆವು. ಬಾಗಿಲಿಗೆ ಕಿವಿ ಕೊಟ್ಟು ನಿಂತೆವು, ಆಂಟಿಯೂ. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಸ್ಟೀಲ್ ಬಟ್ಟಲು ನೆಲಕ್ಕೆ ಉಜ್ಜುವ ಸದ್ದು ಬಂತು. ಸಣ್ಣಗೆ, ನಿಂತು ನಿಂತು. ಅತ್ತೆ ಆಂಟಿಯ ಕೈ ಗಟ್ಟಿಯಾಗಿ ಹಿಡಿದುಕೊಂಡರು.

ಆಂಟಿ, ಒಂದು ವರ್ಷದಿಂದ ವಾರಕ್ಕೆ ಎರಡು ದಿನ ಆ ಬಟ್ಟಲು ಬರುತ್ತಲೇ ಇದೆ. ದುಡ್ಡು ಕೊಡಲು ಬಂದರೆ ಬೈಯುತ್ತೀರಿ. ಇಲ್ಲಾದರೂ ಹೇಳಿಬಿಡುತ್ತೇನೆ, ಅವಳು ಬದುಕಿದ್ದು ನಿಮ್ಮಿಂದ.

ಬಂದ ಮೂರನೇ ವಾರಕ್ಕೇ ದೀಪಾವಳಿ. ನಮ್ಮ ರಸ್ತೆಯ ಮಕ್ಕಳು ಪಟಾಕಿಯನ್ನೆಲ್ಲ ಆಚೆ ತುದಿಯ ಮೈದಾನಕ್ಕೆ ಒಯ್ದು ಹಚ್ಚಿದರು. ನಾವು ಕೇಳಿದ್ದು ಒಂದೇ ಸಲ. ಸಂಕ್ರಾಂತಿಗೆ ಎಳ್ಳು ಬೀರಲು ಬಂದವರಲ್ಲಿ ಒಬ್ಬರೂ "ಎಲ್ಲಿ ಬೆಕ್ಕು, ತೋರಿಸಿ" ಅನ್ನಲಿಲ್ಲ. ನಿಮಗೆಲ್ಲ ಅದು ಸಣ್ಣ ವಿಷಯ ಅನ್ನಿಸಿರಬಹುದು. ನನಗೆ ಹಾಗಲ್ಲ. ಆಗ ಅವಳು ತುಂಬಾ ಕಷ್ಟದಲ್ಲಿದ್ದಳು.

ಏಕೆಂದರೆ ಡಿಸೆಂಬರಿನಲ್ಲಿ ಲಸಿಕೆಗೆ ಅಂತ ಒಂದು ಕಡೆ ಕರೆದುಕೊಂಡು ಹೋಗಿದ್ದೆವು. ಅಲ್ಲಿದ್ದ ಸಹಾಯಕ ಕತ್ತಿನ ಚರ್ಮ ಹಿಡಿದು ಎಳೆದು ಟೇಬಲ್ ಮೇಲೆ ಹಾಕಿದ. ಅವಳು ಹೆದರಿ ಅಲ್ಲೇ ಉಚ್ಚೆ ಮಾಡಿಕೊಂಡಳು. ನನ್ನ ಕೈ ಪರಚಿತು, ನಾನು ರೇಬೀಸ್ ಇಂಜೆಕ್ಷನ್ ಹಾಕಿಸಿಕೊಂಡೆ. ನನಗೆ ಅದರ ನೋವಲ್ಲ. ಅಷ್ಟು ಹೊತ್ತಿಗೆ ರಾತ್ರಿ ಹಾಲ್‌ವರೆಗೆ ಬರಲು ಶುರು ಮಾಡಿದ್ದವಳು ಮತ್ತೆ ಐದು ವಾರ ಮಂಚದಡಿ ಬಿಟ್ಟು ಬರಲಿಲ್ಲ. ಕೊಟ್ಟ ಮಾತು ತಪ್ಪಿದ ಹಾಗೆ ಅನ್ನಿಸಿತು.

ಈಗಿನ ಡಾಕ್ಟರ್ ಮೇಡಂ, ನಿಮಗೆ ಹೇಗೆ ಹೇಳಲಿ. ನೀವು ಕ್ಯಾರಿಯರಿನ ಮೇಲಿನ ಅರ್ಧ ಮಾತ್ರ ಬಿಚ್ಚಿ, ಟವೆಲ್ ಹೊದಿಸಿ, ಅವಳು ಕೂತಲ್ಲೇ ನೋಡಿದಿರಿ. ಸೂಜಿ ಚುಚ್ಚಿದ್ದು ನನಗೇ ತಿಳಿಯಲಿಲ್ಲ. ದಿಟ್ಟಿಸಿ ನೋಡಬೇಡಿ, ಕಣ್ಣನ್ನು ಅರ್ಧ ಮುಚ್ಚಿ ನಿಧಾನವಾಗಿ ತೆರೆಯಿರಿ ಅಂತ ಕಲಿಸಿಕೊಟ್ಟಿದ್ದು ನೀವು. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು ಇದನ್ನು ಬೆಕ್ಕುಗಳ ಜೊತೆ ಮಾಡಿ ನೋಡಿ 2020ರಲ್ಲಿ ಬರೆದಿದ್ದಾರೆ, ಹಾಗೆ ಮಿಟುಕಿಸಿದರೆ ಬೆಕ್ಕೂ ತಿರುಗಿ ಮಿಟುಕಿಸುವುದು ಜಾಸ್ತಿ ಅಂದಿರಿ. ನಮ್ಮ ಮನೆಯವರು ದಿನಾ ಐದೂವರೆಗೆ ಎದ್ದು ಲಿಟರ್ ಟ್ರೇ, ಅಂದರೆ ಅವಳ ಕಕ್ಕಸಿನ ತಟ್ಟೆ, ಶುಚಿ ಮಾಡುತ್ತಾರೆ. ಹಾಗೆಯೇ ನೆಲದ ಮೇಲೆ ಮಂಡಿಯೂರಿ ಮಂಚದಡಿಗೆ ಕಣ್ಣು ಮಿಟುಕಿಸುತ್ತಿದ್ದರು. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ನನ್ನನ್ನು ಎಬ್ಬಿಸಿ, "ಅವಳೂ ಮಿಟುಕಿಸಿದಳು ಕಣೇ" ಅಂದರು. ಅವರ ಗಂಟಲು ಕಟ್ಟಿತ್ತು.

ಇನ್ನು ನನ್ನ ಮಗಳು. ಹತ್ತಿರ ಹೋಗಬೇಡ, ನಿನ್ನ ದನಿ ಮಾತ್ರ ಪರಿಚಯ ಆಗಲಿ ಅಂತ ಅಕ್ಕ ಹೇಳಿದ್ದನ್ನು ಎಂಟು ವರ್ಷದ ಹುಡುಗಿ ಒಂದು ದಿನವೂ ಮೀರಲಿಲ್ಲ. ದಿನಾ ಸಂಜೆ ಬೀರುವಿಗೆ ಮುಖ ಮಾಡಿ, ಮಂಚಕ್ಕೆ ಬೆನ್ನು ಹಾಕಿ ಕೂತು ಮಗ್ಗಿ ಹೇಳುತ್ತಿದ್ದಳು. ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು. ತಿಂಗಳುಗಟ್ಟಲೆ. ಯುಗಾದಿಯ ಹಿಂದಿನ ಸಂಜೆ ನಾನು ಬಟ್ಟೆ ಮಡಚುತ್ತಾ ಬಾಗಿಲಲ್ಲಿದ್ದೆ. ಏಳರ ಮಗ್ಗಿ ನಡೆಯುತ್ತಿತ್ತು. ಏಳಾರ್ಲ ಅಂದವಳು ಅಲ್ಲೇ ನಿಂತುಬಿಟ್ಟಳು. ಮರೆತಳು ಅಂದುಕೊಂಡೆ. ನೋಡಿದರೆ ಸಾಸಿವೆ ಮೈ ಉದ್ದ ಮಾಡಿ, ಹಿಂಗಾಲು ಇನ್ನೂ ಮಂಚದಡಿಯೇ ಇಟ್ಟುಕೊಂಡು, ಅವಳ ಜಡೆಯ ರಿಬ್ಬನ್ ಮೂಸುತ್ತಿದ್ದಳು. ಮಗಳು ತಿರುಗಲಿಲ್ಲ. ಕೈ ಚಾಚಲಿಲ್ಲ. ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಪಿಸುದನಿಯಲ್ಲಿ "ನಲವತ್ತೆರಡು" ಅಂದಳು. ಹತ್ತರವರೆಗೂ ಹೇಳಿ ಮುಗಿಸಿದಳು. ಪುಟ್ಟಿ, ನೀನು ದೊಡ್ಡವಳಾದ ಮೇಲೆ ಇದನ್ನು ಓದುತ್ತೀಯ. ಅವತ್ತು ನಿನ್ನಷ್ಟು ತಾಳ್ಮೆ ನನಗೆ ಇರುತ್ತಿರಲಿಲ್ಲ.

ಅಕ್ಕ, ಕೊನೆಗೆ ಒಂದು ವಿಷಯ. ನಿಮ್ಮ ಕ್ಯಾರಿಯರ್ ಒಂದು ವರ್ಷದಿಂದ ನಮ್ಮಲ್ಲೇ ಉಳಿದಿದೆ. ನಾವು ಬೇರೆ ಕೊಂಡಿದ್ದೇವೆ. ಮತ್ತೆ ಎರಡು ಬೆಕ್ಕು ತಂದಿದ್ದೀರಂತೆ, ನಿಮಗೆ ಬೇಕಾಗುತ್ತದೆ. ಭಾನುವಾರ ತೊಳೆದು ತಂದುಕೊಡುತ್ತೇವೆ, ಜೊತೆಗೆ ಟ್ರೇಗೆ ಹಾಕುವ ಲಿಟರ್ ಹತ್ತು ಕಿಲೋ. ಹಳದಿ ಟವೆಲ್ ಮಾತ್ರ ತರುವುದಿಲ್ಲ. ನಿನ್ನೆ ಮಡಿಲಿನಿಂದ ಇಳಿದವಳು ಸೀದಾ ಹೋಗಿ ಅದರ ಮೇಲೆ ಮಲಗಿದಳು. ನಾವು ಇನ್ನೂ ಅದನ್ನು ಒಗೆದಿಲ್ಲ.