ವಿಷಯ: ಸ್ಪೇನ್ ಪ್ರವಾಸದ ‘ವೈನ್ ಮತ್ತು ಊಟ’ದ ದಿನದ ಹಣ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ಫೋನ್‌ನಲ್ಲಿ ಮರ್ಯಾದೆಯಾಗಿ ಹೇಳಿ ಹೇಳಿ ಸಾಕಾಗಿದೆ. ನಿನ್ನೆ ನಿಮ್ಮ ಕಸ್ಟಮರ್ ಕೇರ್‌ನಿಂದ ಉತ್ತರ ಬಂತು. ದೂರಿಗಲ್ಲ, ಗೋವಾ ಪ್ಯಾಕೇಜಿಗೆ ರಿಯಾಯಿತಿ ಕೂಪನ್! ಹಾಗಾಗಿ ಈ ಪತ್ರ.

ಸ್ಪೇನಿನ ವೈನ್ ಸೀಮೆ ರಿಬೇರಾ ದೆಲ್ ದುವೇರೊದ ಒಂದು ದಿನಕ್ಕೆ ನೀವು ಬೇರೆಯಾಗಿ ದುಡ್ಡು ತಗೊಂಡಿದ್ದೀರಿ. ರಿಸರ್ವಾ ವೈನ್, ಜೊತೆಗೆ ಸೌದೆ ಒಲೆಯಲ್ಲಿ ಬೆಂದ ಲೆಚಾಸೊ, ಅಂದರೆ ಹಾಲು ಕುಡಿಯುವ ಕುರಿಮರಿ. ಸಸ್ಯಾಹಾರಿಗಳಿಗೆ ಸಮೊರಾ ಕಡೆಯ ಕುರಿಹಾಲಿನ ಹಳೇ ಚೀಸ್, ಅಣಬೆ. ಇದು ನಿಮ್ಮ ಕರಪತ್ರದಲ್ಲೇ ಇದೆ. ಊಟ ಬದಲಾದರೆ ಹಿಂದಿನ ದಿನವೇ ತಿಳಿಸುತ್ತೇವೆ, ಇಲ್ಲದಿದ್ದರೆ ಹಣ ವಾಪಸ್ ಅಂತ ಬುಕಿಂಗ್ ಷರತ್ತಿನಲ್ಲಿದೆ. ಬರೆದವರು ನೀವೇ, ನಾನು ಓದಿ ಹೇಳಬೇಕಾಗಿಲ್ಲ.

ಪೆನ್ಯಾಫಿಯೆಲ್ ಕೋಟೆ ನೋಡಿ ಇಳಿದೆವು. ಬಸ್ಸು ಹೋಟೆಲಿಗೆ ಹೋಗಲಿಲ್ಲ. ಪಾರ್ಕಿಂಗ್‌ನಲ್ಲೇ ಸೀಟು ಸೀಟಿಗೆ ಅಲ್ಯೂಮಿನಿಯಂ ಡಬ್ಬಿ ಬಂತು. ಒಳಗೆ ಶೆಜ್ವಾನ್ ಚಿಕನ್, ಕೆಂಪಗೆ ಎಣ್ಣೆ ತೇಲುತ್ತಿತ್ತು. ವೈನ್ ಮಾತ್ರ ನಿಜವಾದ ರಿಸರ್ವಾ. ಕನಿಷ್ಠ 3 ವರ್ಷ ಇಟ್ಟದ್ದು, ಅದರಲ್ಲಿ 1 ವರ್ಷ ಓಕ್ ಪೀಪಾಯಿಯಲ್ಲಿ. ಅದನ್ನು ಐಸ್ ಪೆಟ್ಟಿಗೆಯಿಂದ ತೆಗೆದು ಪೇಪರ್ ಕಪ್ಪಿಗೆ ಸುರಿದರು.

ಟೆಂಪ್ರಾನಿಯೊ ದ್ರಾಕ್ಷಿಯ ಸಿಪ್ಪೆ, ಬೀಜ, ಮೇಲೆ ಓಕ್ ಮರ, ಮೂರರದ್ದೂ ಒಗರು ಈ ವೈನಿನಲ್ಲಿರುತ್ತದೆ. ಆ ಒಗರಿನ ಅಂಶ, ಟ್ಯಾನಿನ್, ಎಂಜಲಿನ ಪ್ರೋಟೀನಿಗೆ ಅಂಟಿಕೊಂಡು ಗೇರುಹಣ್ಣು ತಿಂದ ಹಾಗೆ ಬಾಯಿ ಒಣಗಿಸುತ್ತದೆ. ಮಾಂಸದ ಕೊಬ್ಬು, ಉಪ್ಪು ಸಿಕ್ಕರೆ ಮೆತ್ತಗಾಗುತ್ತದೆ. ಅದಕ್ಕೇ ಆ ಊರಿನವರು ಹಾಲು ಕುಡಿಯುವ ಕುರಿಮರಿಯನ್ನು ಮಣ್ಣಿನ ತಟ್ಟೆಯಲ್ಲಿಟ್ಟು, ಬರೀ ನೀರು, ಉಪ್ಪು ಹಾಕಿ ಬೇಯಿಸುತ್ತಾರೆ. ಮೆಣಸಿನಕಾಯಿ ಜೊತೆ ಕುಡಿದರೆ ಉರಿ ಜಾಸ್ತಿ. ತಣ್ಣಗೆ ಕುಡಿದರೆ ಒಗರು ಇನ್ನೂ ಜಾಸ್ತಿ. ನೀವು ಎರಡನ್ನೂ ಒಟ್ಟಿಗೆ ಸಾಧಿಸಿದಿರಿ, ಅಭಿನಂದನೆ.

ನಿಮ್ಮ ಟೂರ್ ಮ್ಯಾನೇಜರ್ ಹತ್ತಿರ ಮೆಲ್ಲಗೆ ಕೇಳಿದೆ. “ಲೆಚಾಸೊ ಎಲ್ಲಿ?”

“ಅಂಕಲ್, ನಮ್ಮವರಿಗೆ ಖಾರ ಬೇಕಲ್ವಾ?”

“ಈ ವೈನಿಗೆ ಖಾರ ಆಗಿಬರಲ್ಲಪ್ಪ.”

“ವೈನ್ ಅಂದ್ರೆ ವೈನು ಅಂಕಲ್. ಕೆಂಪಗಿದೆ ತಾನೇ?”

ಅಲ್ಲಿಗೆ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆ. ಆತ ಮೈಕ್ ತೆಗೆದುಕೊಂಡ. “ಎಲ್ಲರೂ ಕೇಳಿ, ನಮ್ಮ ಅಂಕಲ್‌ಗೆ ವೈನ್ ಕಹಿಯಂತೆ. ಯಾರ ಹತ್ರಾದ್ರೂ ಸಕ್ಕರೆ ಇದ್ರೆ ಕೊಡಿ!” ಇಡೀ ಬಸ್ಸು ನಕ್ಕಿತು. ಮುಂದಿನ ಸೀಟಿನ ಹೆಂಗಸು ಬ್ಯಾಗು ತಡಕಿ ಹೋಟೆಲಿನಿಂದ ತಂದಿದ್ದ ಸಕ್ಕರೆ ಪೊಟ್ಟಣ ತೆಗೆದರು. ಅದು ಕೈಯಿಂದ ಕೈಗೆ ಹಿಂದಕ್ಕೆ ಬಂತು. ಒಬ್ಬರೂ ನಡುವೆ ತಡೆಯಲಿಲ್ಲ. ಆತ ಹಲ್ಲಿನಿಂದ ಪೊಟ್ಟಣ ಹರಿದ, ನನ್ನ ಕಪ್ಪಿಗೆ ಸುರಿದ, ಪ್ಲಾಸ್ಟಿಕ್ ಚಮಚದ ಹಿಡಿಯಿಂದ ಕಲಕಿದ. ಚಮಚದ ಇನ್ನೊಂದು ತುದಿಯಲ್ಲಿ ಶೆಜ್ವಾನ್ ಎಣ್ಣೆ ಇನ್ನೂ ಹಾಗೇ ಇತ್ತು. “ಈಗ ಕುಡೀರಿ” ಅಂದ. ನನ್ನ ಹೆಂಡತಿ ಕಿಟಕಿ ಕಡೆ ಮುಖ ಮಾಡಿ ಕೂತಳು. ನನಗೆ ಅರವತ್ತು ದಾಟಿದೆ ಸ್ವಾಮಿ. ಮಕ್ಕಳಿಗೂ ಯಾರೂ ಹೀಗೆ ಮಾಡಲ್ಲ.

ಇದನ್ನೆಲ್ಲ ಹೇಳಿದರೆ ನಿಮ್ಮ ಕಚೇರಿಯವರು ಕೇಳಿದ್ದು ಒಂದೇ: “ಊಟ ಕೊಟ್ಟಿದ್ದಾರಲ್ವಾ ಸರ್?” ಕೊಟ್ಟಿದ್ದಾರೆ. ಡಬ್ಬಿ ಕೂಡ ವಾಪಸ್ ಕೇಳಲಿಲ್ಲ, ದೊಡ್ಡ ಮನಸ್ಸು.

ನನಗೆ ಬೇಕಾದದ್ದು ಆ ದಿನದ ಪೂರ್ತಿ ಹಣ, ಮತ್ತು ಆ ಮ್ಯಾನೇಜರ್ ಕೈಬರಹದ ಕ್ಷಮಾಪಣೆ. ಕೂಪನ್ ಬೇಡ. ಈ ತಿಂಗಳೊಳಗೆ ಬರದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಕಾಯ್ದೆ ಬಂದಮೇಲೆ ದೂರುದಾರ ತಾನಿರುವ ಊರಿನಲ್ಲೇ ಕೇಸು ಹಾಕಬಹುದು, ವಕೀಲರೂ ಬೇಕಿಲ್ಲ. ಅಂದರೆ ಪ್ರತಿ ತಾರೀಖಿಗೂ ಬೆಂಗಳೂರಿನಿಂದ ಘಾಟಿ ಇಳಿದು ಮಂಗಳೂರಿಗೆ ಬರಬೇಕಾದವರು ನೀವು. ನಾನು ರಿಟೈರಾದವನು, ಎಷ್ಟು ತಾರೀಖು ಬಿದ್ದರೂ ಸರಿ.

ಇನ್ನೊಂದು ಮಾತು. ಸಕ್ಕರೆ ಕಲಕಿದ್ದನ್ನು ಹಿಂದಿನ ಸೀಟಿನ ಹುಡುಗ ವಿಡಿಯೊ ಮಾಡಿದ್ದ, ಅದೀಗ ನನ್ನ ಹತ್ತಿರ ಇದೆ. ನೀವು ಹಣ ಕೊಟ್ಟರೂ ಅದನ್ನು ಅಳಿಸುತ್ತೇನೆ ಅಂತ ನಾನು ಮಾತು ಕೊಟ್ಟಿಲ್ಲ.

ಇಂತಿ,
ನಿಮ್ಮ ಗ್ರಾಹಕ, ಮಂಗಳೂರು