ಕೃಷ್ಣನ ಅರ್ಥಕ್ಕೆ ಬಾರದವನ ಪತ್ರ

ಪ್ರಿಯ ಸದಾಶಿವ,

ವೇಷವಿಲ್ಲದೆ ಕುಳಿತು ಮಾತಿನಲ್ಲೇ ಪಾತ್ರ ಕಟ್ಟುವ ಬದಿಯಡ್ಕದ ತಾಳಮದ್ದಳೆಗೆ ಕೃಷ್ಣನ ಪಾತ್ರದ ಅರ್ಥ ಹೇಳಲು ಒಪ್ಪಿಕೊಂಡು ಕೊನೆಗೆ ಕೈಕೊಟ್ಟೆನೆಂದು ನೀನು ಮುನಿಸಿಕೊಂಡಿದ್ದೆ. ಗಂಟಲು ಕಟ್ಟಿದೆ ಎಂದದ್ದು ಸುಳ್ಳು. ನಾಲಿಗೆಯ ಎಡ ಅಂಚಿನಲ್ಲಿ ಎರಡು ತಿಂಗಳಿಂದ ಒಂದು ಹುಣ್ಣು ಮಾಯದೆ ಕುಳಿತಿತ್ತು. ಹೊಗೆಸೊಪ್ಪು ಸೇರಿಸಿ ಎಲೆಯಡಿಕೆ ಜಗಿಯುವವನಿಗೆ ಅದು ಏನೆಂದು ತೋಚುತ್ತದೆ, ನೀನೇ ಹೇಳು. ದಂತವೈದ್ಯರು ಹಲ್ಲಿನ ಚೂಪನ್ನು ಉಜ್ಜಿ ನಯಮಾಡಿದರು. ಪ್ರಯೋಜನವಾಗಲಿಲ್ಲ. ಮಂಗಳೂರಿನಲ್ಲಿ ಹುಣ್ಣಿನ ಚೂರು ತೆಗೆದು ಪರೀಕ್ಷಿಸಿದರು.

ಕ್ಷಯ. ನಾಲಿಗೆಗೆ! ಬಾಯಿಯಲ್ಲಿ ಕ್ಷಯ ಕಾಣಿಸಿಕೊಳ್ಳುವುದು ಅಪರೂಪ. ಕಾಣಿಸಿಕೊಂಡರೆ ಬೇರು ಹೆಚ್ಚಾಗಿ ಶ್ವಾಸಕೋಶದಲ್ಲಿರುತ್ತದೆ ಎಂದು ವೈದ್ಯರು ಎಕ್ಸ್‌ರೇ ತೆಗೆಸಿದರು. ಅಲ್ಲಿಯೂ ಇತ್ತು, ಕಫದಲ್ಲಿಯೂ ಇತ್ತು. ಬೆಳಗಿನ ಸಣ್ಣ ಕೆಮ್ಮನ್ನು ನಾನು ಅಡಿಕೆ ಅಂಗಳದ ಧೂಳಿನ ಲೆಕ್ಕಕ್ಕೆ ಬರೆದಿದ್ದೆ. ಧ್ವನಿಪೆಟ್ಟಿಗೆಗೆ ತಗುಲಿದರೆ ಸ್ವರವೇ ಒಡೆಯುತ್ತದಂತೆ; ಕಿವಿಗೂ, ಹಲ್ಲು ಕಿತ್ತ ಕುಳಿಗೂ ಬರುವುದುಂಟಂತೆ.

ಕ್ಯಾನ್ಸರ್ ಅಲ್ಲವೆಂದು ಬಸ್ಸಿನಲ್ಲಿ ಕುಳಿತು ಅತ್ತೆ. ತಲಪಾಡಿ ದಾಟುವಷ್ಟರಲ್ಲಿ ಇದನ್ನು ಮುಚ್ಚಿಡುವುದು ಹೇಗೆಂದು ಯೋಚಿಸುತ್ತಿದ್ದೆ.

ನಮ್ಮ ಚಿಕ್ಕಮ್ಮನ ನೆನಪಿದೆಯೇ? ಕುತ್ತಿಗೆಯಲ್ಲಿ ನೆಲ್ಲಿಕಾಯಿ ಗಾತ್ರದ ಗಂಟುಗಳು, ಒಂದೊಂದೇ ಒಡೆದು ಕೀವು ಸೋರುತ್ತಿದ್ದವು. ಗಂಡಮಾಲೆ ಎನ್ನುತ್ತಿದ್ದರು. ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಅವಳಿಗೆ ಬೇರೆ ಚಾಪೆ, ಬೇರೆ ಬಟ್ಟಲು. ಊಟ ಒಯ್ಯುವವನು ನಾನು. ಬಟ್ಟಲನ್ನು ಹೊಸ್ತಿಲಲ್ಲಿಟ್ಟು ಕಾಲಿನಿಂದ ಒಳಕ್ಕೆ ತಳ್ಳುತ್ತಿದ್ದೆ. ಅವಳು ನೋಡುತ್ತಿದ್ದಳು. ಇದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ.

ಗಂಟಿನಲ್ಲಷ್ಟೇ ಇರುವ ಕ್ಷಯ ಬಟ್ಟಲಿನಿಂದಾಗಲಿ ಉಸಿರಿನಿಂದಾಗಲಿ ಹರಡುವುದಿಲ್ಲ ಎಂದು ವೈದ್ಯರು ಹೇಳಿದಾಗ ನನ್ನ ಬಾಯಿ ಕಟ್ಟಿತು. ಹರಡುವುದು ನನ್ನದು. ಆದರೂ ಮನೆಗೆ ಬಂದವನು ಬರೀ ಹುಣ್ಣು ಎಂದೆ. ಮಾಸ್ಕ್ ಹಾಕಿದರೆ ಗೊತ್ತಾಗುತ್ತದೆಂದು ಹಾಕದೆಯೇ ಆರು ದಿನ ಮೊಮ್ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಕಥೆ ಹೇಳಿದೆ. ಏಳನೆಯ ದಿನ ಅವಳು ಸೀನಿದಳು. ಅಂದು ರಾತ್ರಿ ಸೊಸೆಯನ್ನು ಕರೆದು ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಗುವಿಗೆ ರೋಗ ತಗುಲಿಲ್ಲ, ತಡೆಯುವ ಮಾತ್ರೆ ಕೊಡುತ್ತಿದ್ದಾರೆ.

ಇಷ್ಟೆಲ್ಲ ಬರೆಯಬೇಕೆಂದಿರಲಿಲ್ಲ. ಎಲ್ಲರೂ ಓದುವ ಕಡೆ ಹಾಕುತ್ತಿದ್ದೇನೆ, ಊರವರು ಓದಲಿ.

ಆರು ತಿಂಗಳ ಔಷಧಿಯಲ್ಲಿ ಎರಡು ತಿಂಗಳು ಮುಗಿದಿದೆ. ಮಾತ್ರೆಯಿಂದ ಮೂತ್ರ ಕುಂಕುಮದ ನೀರಿನಂತಾಗುತ್ತದೆ, ಮೊದಲ ದಿನ ಹೆದರಿಬಿಟ್ಟಿದ್ದೆ. ಹುಣ್ಣು ಮಾಯಿದೆ, ಎಲೆಯಡಿಕೆ ಬಿಟ್ಟಿದ್ದೇನೆ, ಸಾರಿನ ಹುಳಿ ಮತ್ತೆ ರುಚಿಸುತ್ತಿದೆ. ಮುಂದಿನ ಕೂಟಕ್ಕೆ ಕೃಷ್ಣ ನಾನೇ, ಕೌರವ ನೀನು. ಬರುವಾಗ ಆ ಹಿತ್ತಾಳೆ ಚೊಂಬನ್ನು ಮರೆಯಬೇಡ. ಭಾಗವತರು ಇನ್ನೂ ಕೇಳುತ್ತಿದ್ದಾರೆ.

ನಿನ್ನ,
ಕೇಶವ