ಹೂಳೆತ್ತುವ ಮುಂಚೆ ಕೆಸರೊಳಗಿನ ಆಮೆಗಳನ್ನೂ ನೋಡಿ

ಮಾನ್ಯರೇ,

ಬೇಸಿಗೆ ಬಂದರೆ ಬಯಲುಸೀಮೆಯ ಕೆರೆಗಳಲ್ಲಿ ಜೆಸಿಬಿ ಸದ್ದು ಶುರು. ಹೂಳು ತೆಗೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆ ಮಣ್ಣು ಹೊಲಕ್ಕೂ ಒಳ್ಳೆಯದು. ಆದರೆ ಈ ಸಲ ನಮ್ಮೂರ ಕೆರೆಯಲ್ಲಿ ಟ್ರ್ಯಾಕ್ಟರ್‌ಗೆ ಸುರಿದ ಹೂಳಿನಲ್ಲಿ ಬೆನ್ನು ಸೀಳಿಹೋದ ಆಮೆಯೊಂದನ್ನು ಕಂಡು ಹೊಟ್ಟೆ ಉರಿಯಿತು. ಒಣಗಿದ ಕೆರೆಗೆ ಆಮೆ ಎಲ್ಲಿಂದ ಬಂತು ಅಂತ ಡ್ರೈವರ್ ಕೇಳಿದ. ಅವನಿಗೆ ಯಾರೂ ಹೇಳಿರಲಿಲ್ಲ ಅಷ್ಟೇ.

ಅದು ಎಲ್ಲಿಂದಲೂ ಬಂದಿದ್ದಲ್ಲ, ಅಲ್ಲೇ ಇತ್ತು. ನಮ್ಮ ಕೆರೆ, ಕಾಲುವೆ, ಗದ್ದೆಗಳಲ್ಲಿ ಇರುವ ಈ ಮೆದು ಚಿಪ್ಪಿನ ಆಮೆ ನೀರು ಇಳಿದಂತೆ ಕೆಸರಿನಲ್ಲಿ ಹೂತುಕೊಳ್ಳುತ್ತದೆ. ಮೇಲೆ ನೆಲ ಬಿರುಕು ಬಿಟ್ಟಿದ್ದರೂ ಕೆಳಗಿನ ತೇವದಲ್ಲಿ ಊಟವಿಲ್ಲದೆ, ಅಲುಗಾಡದೆ ಮಳೆಗೆ ಕಾಯುತ್ತದೆ. ಚರ್ಮದಿಂದಲೂ ಒಂದಿಷ್ಟು ಉಸಿರಾಡುವ ಶಕ್ತಿ ಇದಕ್ಕಿದೆ. ಕೆಲವು ಬೇರೆ ನೀರು ಹುಡುಕಿ ನಡೆದುಹೋಗುವುದೂ ಉಂಟು.

ಬೆನ್ನಿನ ಮೂಳೆಯ ಮೇಲೆ ಇದಕ್ಕೆ ಇರುವುದು ನುಣುಪಾದ ಚರ್ಮ ಮಾತ್ರ. ಪಾದದಲ್ಲಿ ಮೂರೇ ಉಗುರು. ಹೆದರಿದಾಗ ಹಿಂಗಾಲು ಒಳಗೆಳೆದುಕೊಳ್ಳುತ್ತದೆ, ಹೊಟ್ಟೆಯ ಕಡೆಯ ಎರಡು ಮಡಿಕೆಗಳು ಬಾಗಿಲು ಹಾಕಿದ ಹಾಗೆ ಅವನ್ನು ಮುಚ್ಚಿಬಿಡುತ್ತವೆ. ನಾಯಿ, ನರಿಗೆ ಈ ಉಪಾಯ ಸಾಕಾಗಬಹುದು. ಜೆಸಿಬಿ ಹಲ್ಲಿಗೆ ಏನು ಮಾಡೀತು ಪಾಪ! ಗಾತ್ರವೂ ಅಂಥ ದೊಡ್ಡದಲ್ಲ, ಚೆನ್ನಾಗಿ ಬೆಳೆದರೆ ಚಿಪ್ಪು 37 ಸೆಂಟಿಮೀಟರ್.

ಬಸವನಹುಳು, ಕಪ್ಪೆ, ಮೀನು, ನೀರಿನ ಗಿಡ ಎಲ್ಲವನ್ನೂ ತಿನ್ನುತ್ತದೆ. ಕೆರೆಯಲ್ಲಿ ಸತ್ತು ಕೊಳೆಯುವುದನ್ನೂ ಬಿಡುವುದಿಲ್ಲ. ನೀರು ಚೊಕ್ಕಟವಾಗಿರಲು ಇದಕ್ಕಿಂತ ಜಾಸ್ತಿ ಇನ್ನೇನು ಬೇಕು ಹೇಳಿ. ಮೊಟ್ಟೆ ಇಡಲು ಮಾತ್ರ ದಂಡೆಯ ಮಣ್ಣಿಗೆ ಹತ್ತಿ ಬರಬೇಕು. ಅಭಿವೃದ್ಧಿ ಅಂತ ಕೆರೆಯ ಸುತ್ತ ಪೂರ್ತಿ ಕಲ್ಲು ಕಟ್ಟಿಬಿಟ್ಟರೆ ಅದು ಎಲ್ಲಿಗೆ ಹೋಗಬೇಕು?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಚ್ಛೇದದಲ್ಲಿ ಈ ಆಮೆ ಇದೆ. ಹುಲಿ ಇರುವುದೂ ಅಲ್ಲೇ. ಹಿಡಿದರೆ, ಮಾಂಸಕ್ಕೆ ಮಾರಿದರೆ, ಅದೃಷ್ಟ ಬರುತ್ತದೆ ಅಂತ ಮನೆಯಲ್ಲಿ ಸಾಕಿದರೆ ಜೈಲು. ಹಾಗಿರುವಾಗ ಸರ್ಕಾರಿ ಕಾಮಗಾರಿಯಲ್ಲೇ ಇವು ಸಾಯುವುದು ಸರಿಯಲ್ಲ.

ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಹೂಳೆತ್ತುವ ಆದೇಶದಲ್ಲೇ ನಾಲ್ಕು ಸಾಲು ಸೇರಿಸಲಿ. ಕೆಲಸ ಶುರು ಮಾಡುವ ಮುಂಚೆ ಅರಣ್ಯ ಇಲಾಖೆಗೆ ತಿಳಿಸಬೇಕು. ತೂಬಿನ ಹತ್ತಿರದ ಗುಂಡಿಯಲ್ಲಿ ಕೆಸರು ಕೊನೆಯವರೆಗೆ ಉಳಿಯುತ್ತದೆ, ಅಲ್ಲಿ ಮೊದಲು ಆಳುಗಳು ಕೈಯಿಂದ ನೋಡಿ ಆಮೇಲೆ ಯಂತ್ರ ಇಳಿಯಲಿ. ಸಿಕ್ಕ ಆಮೆಗಳನ್ನು ಇಲಾಖೆಯವರೇ ಹತ್ತಿರದ ನೀರಿರುವ ಕೆರೆಗೆ ಬಿಡಲಿ. ಒಂದು ಕಡೆ ದಂಡೆಯನ್ನು ಕಲ್ಲು ಕಟ್ಟದೆ ಮಣ್ಣಾಗಿಯೇ ಉಳಿಸಲಿ. ಜಿಲ್ಲಾ ಪಂಚಾಯಿತಿ ಮತ್ತು ಸಣ್ಣ ನೀರಾವರಿ ಇಲಾಖೆ ಮನಸ್ಸು ಮಾಡಿದರೆ, ಇನ್ನೂ ಯಂತ್ರ ಇಳಿಯದ ಕೆರೆಗಳಲ್ಲಿ ಈ ಬೇಸಿಗೆಯಲ್ಲೇ ಇದು ಆಗುವ ಕೆಲಸ.

– ಒಬ್ಬ ರೈತ, ತುಮಕೂರು ಜಿಲ್ಲೆ